ಬುಟ್ಟಿಯೊಳಗೊಂದು ಸಂಸಾರ: ಕೊಚ್ಚಿ ಬಂದರಿನಲ್ಲಿ ನಮ್ಮ ಮೈಸೂರು ಸೀಮೆ ತೆಪ್ಪಗಳು

ಸಂಜೆ ಏಳು ಗಂಟೆ ಹೊಡೆಯಿತೆಂದರೆ ಮಡಿವಾಳದಲ್ಲಿ ಹೆಜ್ಜೆ ಇಡೋಕೆ ಜಾಗ ಇರುವುದಿಲ್ಲ. ಎರ್ನಾಕುಳಂ, ತ್ರಿಶೂರು, ಕೋಟ್ಟಯಂ ಎಂದು ಬೋರ್ಡು ಹಾಕಿಕೊಂಡ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಬಿ.ಟಿ.ಎಂ. ಲೇಔಟಿನ ಗಲ್ಲಿ ಗಲ್ಲಿಗಳಿಂದ ಬ್ಯಾಗು ಹೊತ್ತ ಹುಡುಗರು, ನರ್ಸಮ್ಮಂದಿರು, ಬೇಕರಿಯವರು ಓಡೋಡಿ ಬಂದು ಹತ್ತುತ್ತಾರೆ. ಬನಶಂಕರಿ ಕಡೆಗೆ ಸಿಟಿ ಬಸ್ಸು ಕಾಯುತ್ತ ನಿಂತ ನಮ್ಮ ಜನ, ಇದೇನು ಬೆಂಗಳೂರೋ ಕೊಚ್ಚಿಯೋ ಎಂದು ಗೊಣಗುವುದೂ ಉಂಟು.

ಹೊಟ್ಟೆಪಾಡಿಗೆ ಕೇರಳದವರು ಬೆಂಗಳೂರಿಗೆ ಬರುತ್ತಾರೆ. ಅದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದೇ ಹೊಟ್ಟೆಪಾಡಿಗೆ ನಮ್ಮವರು ದೋಣಿಯನ್ನೇ ತಲೆ ಮೇಲೆ ಹೊತ್ತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೇರಳಕ್ಕೆ ಹೋಗುತ್ತಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಗೊತ್ತಿರುವವರು ಒಂದಷ್ಟು ಜನ ಇದ್ದಾರೆ. ಅವರು ಮಾಲೆ ಹಾಕಿದ ಸ್ವಾಮಿಗಳು. ಜಯನಗರ, ಜೆ.ಪಿ. ನಗರದಿಂದ ಟೆಂಪೋ ಮಾಡಿಕೊಂಡು ಮೈಸೂರು, ಗುರುವಾಯೂರು ಮೇಲೆ ಶಬರಿಮಲೆಗೆ ಹೋಗುವವರು ಎರ್ನಾಕುಳಂ ಹತ್ತಿರ ಒಂದರ ಹಿಂದೆ ಒಂದು ಸೇತುವೆ ದಾಟುತ್ತಾರೆ. ವರಾಪುಳ, ಕುಂಡನ್ನೂರು, ಕುಂಬಳಂ, ಅರೂರು. ಕೆಳಗೆ ಹಿನ್ನೀರು. ಕಿಟಕಿಯಿಂದ ಬಗ್ಗಿ ನೋಡಿದರೆ ಉದ್ದನೆಯ ಮಲಯಾಳಿ ವಳ್ಳಗಳ ನಡುವೆ ದುಂಡಗೆ, ಕರ್‍ರಗೆ, ದೋಸೆ ಕಾವಲಿ ತೇಲಿಬಿಟ್ಟ ಹಾಗೆ ಏನೋ ಕಾಣುತ್ತದೆ. ಅದೇ ನಮ್ಮ ಹರಿಗೋಲು. ನಮ್ಮ ತಲಕಾಡಿನ ತೆಪ್ಪ. ದಡದಲ್ಲಿ ಇಳಿದು 'ಯಾವೂರಣ್ಣ?' ಅಂತ ಕನ್ನಡದಲ್ಲಿ ಒಂದು ಮಾತು ಕೇಳಿ ನೋಡಿ. ಉತ್ತರ ಕನ್ನಡದಲ್ಲೇ ಬರುವುದು ಹೆಚ್ಚು. ಬಹುಮಟ್ಟಿಗೆ ಅವರೆಲ್ಲ ಮೈಸೂರು ಸೀಮೆಯವರು.

ತಲೆ ಮೇಲೆ ದೋಣಿ

ಮಲಯಾಳಿಗಳು ಇದಕ್ಕೆ ಕುಟ್ಟವಂಚಿ ಎನ್ನುತ್ತಾರೆ. ಕುಟ್ಟ ಅಂದರೆ ಬುಟ್ಟಿ, ವಂಚಿ ಅಂದರೆ ದೋಣಿ. ಹೆಸರಿಗೆ ತಕ್ಕ ಹಾಗೆ ಇದು ಬುಟ್ಟಿಯೇ. ಬಿದಿರು ಸೀಳಿ, ದಬ್ಬೆ ಮಾಡಿ, ಮೊರ ಹೆಣೆದ ಹಾಗೆ ಹೆಣೆಯುತ್ತಾರೆ. ಹಿಂದೆ ಅದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ತೊಗಲು ಹೋಗಿ ಟಾರ್ಪಾಲು ಬಂತು, ಪ್ಲಾಸ್ಟಿಕ್ ಚೀಲ ಬಂತು, ಅದರ ಮೇಲೆ ಡಾಂಬರು ಕಾಯಿಸಿ ಬಳಿಯೋದು ಬಂತು. ಈಗ ಫೈಬರ್ ತೆಪ್ಪಗಳೂ ಬಂದಿವೆ.

ಆರರಿಂದ ಎಂಟು ಅಡಿ ಅಗಲ. ಇಂಜಿನ್ನು ಇಲ್ಲ, ಹಾಯಿ ಇಲ್ಲ, ಮುಂದು ಹಿಂದು ಎಂಬುದಿಲ್ಲ. ಇರುವುದು ಒಂದೇ ಹುಟ್ಟು. ಹೊಸಬರು ಕೂತು ಹುಟ್ಟು ಹಾಕಿದರೆ ಗಾಣದೆತ್ತಿನ ಹಾಗೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಕಸುಬಿನವರ ಕೈಗೆ ಸಿಕ್ಕರೆ ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ. ಮೊಣಕಾಲುದ್ದ ನೀರು ಸಾಕು. ಸಾಯಂಕಾಲ ಒಬ್ಬನೇ ಎತ್ತಿ ತಲೆ ಮೇಲೆ ಕವುಚಿಕೊಂಡು ನಡೆದುಬಿಡಬಹುದು. ಮಳೆ ಬಂದರೆ ದಡದಲ್ಲಿ ಕವುಚಿ ಹಾಕಿ ಅದರಡಿ ನುಸುಳಿಕೊಂಡರೆ ಅದೇ ಸೂರು. ಊರಿಂದೂರಿಗೆ ಹೋಗುವಾಗ ಒಂದರ ಮೇಲೊಂದು ಕವುಚಿ ಟೆಂಪೋಗೆ ಏರಿಸಿ ಕಟ್ಟಿದರೆ ಆಯಿತು.

ಇದು ಇಂದು ನಿನ್ನೆಯ ವಿದ್ಯೆಯಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಈ ಬುಟ್ಟಿ ದೋಣಿಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದರೆ ತಿರುಗುತ್ತಲೇ ಹೋಗುತ್ತದೆ ಎಂಬುದು ಆತನ ವರದಿ. ಐನೂರು ವರ್ಷ ಕಳೆದರೂ ಹಂಪಿಯಲ್ಲಿ, ಹೊಗೇನಕಲ್ಲಿನಲ್ಲಿ, ತಲಕಾಡಿನಲ್ಲಿ ಅದೇ ಬುಟ್ಟಿ. ಬದಲಾಗಿರುವುದು ಹೊದಿಕೆ ಮಾತ್ರ.

ಆರಡಿ ಅಗಲದ ಮನೆ

ಈ ಬುಟ್ಟಿಯೊಳಗೆ ಸಂಸಾರ ನಡೆಯುವುದು ಹೇಗೆ?

ಒಂದು ತೆಪ್ಪಕ್ಕೆ ಇಬ್ಬರು ಆಳು, ಅಂದರೆ ಗಂಡ ಹೆಂಡತಿ. ಆಕೆ ಹುಟ್ಟು ಹಿಡಿಯುತ್ತಾಳೆ, ಆತ ಬಲೆ ಬಿಡುತ್ತಾನೆ. ಬಲೆ ಎಂದರೆ ನೈಲಾನಿನ ಬೀಳುಬಲೆ. ನೀರಿನಲ್ಲಿ ಪರದೆ ಇಳಿಬಿಟ್ಟ ಹಾಗೆ ನಿಲ್ಲಿಸುವುದು, ಮೀನು ಬಂದು ಕಿವಿರು ಸಿಕ್ಕಿಸಿಕೊಳ್ಳುವುದು. ಕತ್ತಲಾಗುವ ಹೊತ್ತಿಗೆ ಬಲೆ ಬಿಟ್ಟರೆ ಕೋಳಿ ಕೂಗುವ ಹೊತ್ತಿಗೆ ಎಳೆಯಬೇಕು. ನಡುವಿನ ರಾತ್ರಿ ನೀರ ಮೇಲೇ. ನೋಡಿಕೊಳ್ಳುವವರು ಇಲ್ಲದಿದ್ದರೆ ಮಗುವೂ ತೆಪ್ಪದ ನಡುವೆ ಕಂಬಳಿ ಸುತ್ತಿಕೊಂಡು ಮಲಗಬೇಕು.

ಮುಂಜಾನೆ ಬಲೆ ಎತ್ತಿದರೆ ಸಿಗುವುದು ಕರಿಮೀನು, ತಿರುತ, ಕಣಂಬು, ಒಂದಿಷ್ಟು ಸಿಗಡಿ, ಅದೃಷ್ಟ ಇದ್ದರೆ ಏಡಿ. ಕರಿಮೀನು ಅಂದರೆ ಅಲ್ಲಿ ಸಾಮಾನ್ಯ ಮೀನಲ್ಲ, 2010ರಲ್ಲಿ ಕೇರಳ ಸರ್ಕಾರವೇ ಅದನ್ನು ರಾಜ್ಯದ ಮೀನು ಎಂದು ಸಾರಿದೆ. ಬಿ.ಟಿ.ಎಂ., ಮಡಿವಾಳದ ಕೇರಳ ಹೋಟೆಲುಗಳಲ್ಲಿ ಬಾಳೆಲೆಯಲ್ಲಿ ಸುತ್ತಿ ಸುಟ್ಟು ತಂದಿಡುತ್ತಾರಲ್ಲ, ಬೆಲೆ ನೋಡಿ ಗಿರಾಕಿ ಎರಡು ಸಲ ಯೋಚನೆ ಮಾಡುತ್ತಾನಲ್ಲ, ಅದೇ ಮೀನು. ಅದನ್ನು ಹಿಡಿದ ಕೈ ಮಲಯಾಳಿಯದೇ ಆಗಿರಬೇಕು ಎಂದೇನಿಲ್ಲ.

ಬೆಳಿಗ್ಗೆ ಮೀನು ಮಾರಿದರೆ ಅವತ್ತಿನ ಅಕ್ಕಿ. ಕಾಯಿಸಿ ಇಡೋಕೆ ಐಸು ಪೆಟ್ಟಿಗೆ ಇಲ್ಲ, ಬೆಲೆ ಬರಲಿ ಎಂದು ಕಾಯೋಕೆ ತಾಳ್ಮೆ ಇದ್ದರೂ ಮೀನಿಗೆ ಇಲ್ಲ. ಬಿಸಿಲೇರುವ ಮುಂಚೆ ಕೊಟ್ಟುಬಿಡಬೇಕು. ಹಗಲು ಬಲೆ ಬಿಡಿಸುವುದು, ಹರಿದದ್ದನ್ನು ಹೊಲಿಯುವುದು, ಮೂರು ಕಲ್ಲಿನ ಒಲೆ ಮೇಲೆ ಸಾರು. ನಿದ್ದೆ ಮಾಡುವುದು ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ. ಕೆಲವರು ದಡದಲ್ಲಿ ಸಣ್ಣ ಬಾಡಿಗೆ ಕೋಣೆ ಹಿಡಿದಿದ್ದಾರೆ. ಅದಕ್ಕೂ ಗತಿಯಿಲ್ಲದವರಿಗೆ ಸೇತುವೆಯೇ ಮಾಳಿಗೆ, ಅದರ ಕಂಬವೇ ಗೋಡೆ, ನೀಲಿ ಟಾರ್ಪಾಲೇ ಬಾಗಿಲು.

ಅದೇ ನೀರು, ಇನ್ನೊಂದು ಸಂಸಾರ

ವಿಚಿತ್ರ ಎಂದರೆ ಅದೇ ನೀರಿನ ಮೇಲೆ ಇನ್ನೊಂದು ಜಾತಿಯ ದೋಣಿ ಸಂಸಾರವೂ ಬಂದು ನಿಲ್ಲುತ್ತದೆ.

ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದಲ್ಲಿ 2010ರಲ್ಲಿ ಕೇರಳ ಪ್ರವಾಸೋದ್ಯಮ ನಿಗಮದವರು ಒಂದು ಮರೀನಾ ಮಾಡಿದರು. ಮರೀನಾ ಅಂದರೆ ಹಾಯಿದೋಣಿಗಳ ತಂಗುದಾಣ, ನಮ್ಮ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಅಂತರರಾಷ್ಟ್ರೀಯ ಮಟ್ಟದ್ದು ಎನ್ನುವಂಥ ಮರೀನಾ ಭಾರತದಲ್ಲಿ ಅದೇ ಮೊದಲು. ಮನೆ ಮಠ ಮಾರಿ, ಹೆಂಡತಿ ಮಕ್ಕಳ ಸಮೇತ ಹಾಯಿದೋಣಿಯಲ್ಲೇ ಪ್ರಪಂಚ ಸುತ್ತುವ ಬಿಳಿಯರು ಉಂಟು. ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದ ಗಾಳಿ ಅರಬ್ಬೀ ಸಮುದ್ರದ ಮೇಲೆ ಹದವಾಗಿ ಬೀಸುತ್ತದೆ. ಪಡುವಣಕ್ಕೆ, ಕೆಂಪು ಸಮುದ್ರದ ಕಡೆಗೆ ಹೋಗುವ ಹಾಯಿದೋಣಿಗೆ ಅದೇ ಕಾಲ. ಅಂಥವರಲ್ಲಿ ಕೆಲವರು ಕೊಚ್ಚಿಯಲ್ಲಿ ತಂಗಿ, ನೀರು ದಿನಸಿ ತುಂಬಿಕೊಂಡು, ಹರಿದ ಹಾಯಿ ಹೊಲಿಸಿಕೊಂಡು ಮುಂದೆ ಹೊರಡುತ್ತಾರೆ.

ಹಾಗೆ ಬಂದವರಿಗೆ ಕಸ್ಟಮ್ಸ್ ಉಂಟು, ಇಮಿಗ್ರೇಶನ್ ಉಂಟು. ಕಾಗದ ಪತ್ರ ಸರಿಯಿದ್ದರೆ ದೋಣಿಗೆ ಕಟ್ಟುವ ಕಂಬ, ಕರೆಂಟಿನ ಪ್ಲಗ್ಗು, ಕುಡಿಯುವ ನೀರಿನ ಕೊಳಾಯಿ, ಎಲ್ಲ ಸಿಗುತ್ತದೆ. ಮಕ್ಕಳಿಗೆ ಅಪ್ಪ ಅಮ್ಮಂದಿರೇ ದೋಣಿಯಲ್ಲಿ ಪಾಠ ಹೇಳುತ್ತಾರೆ. ಅವರ ಬದುಕೂ ಸುಖದ್ದೇ ಎನ್ನುವ ಹಾಗಿಲ್ಲ. 2011ರ ಫೆಬ್ರವರಿಯಲ್ಲಿ ಮೂವರು ಮಕ್ಕಳಿದ್ದ ಒಂದು ಡೆನ್ಮಾರ್ಕ್ ಸಂಸಾರವನ್ನು ಸೊಮಾಲಿಯಾದ ಕಡಲ್ಗಳ್ಳರು ದೋಣಿ ಸಮೇತ ಹಿಡಿದುಕೊಂಡು ಹೋಗಿ ಸೆಪ್ಟೆಂಬರ್ ತನಕ ಸೆರೆ ಇಟ್ಟಿದ್ದರು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಕ್ಷಿಪಣಿ ಬೀಳತೊಡಗಿದ ಮೇಲೆ ಆ ದಾರಿ ಇನ್ನಷ್ಟು ಕೆಟ್ಟಿತು.

ಆದರೂ ವ್ಯತ್ಯಾಸ ನೋಡಿ. ಅಮೆರಿಕದಿಂದ ಬಂದ ಹಾಯಿದೋಣಿಗೆ ಬಂದರಿನಲ್ಲಿ ಒಂದು ನಂಬರು, ಒಂದು ಜಾಗ, ಒಂದು ರಸೀತಿ ಉಂಟು. ಮೈಸೂರಿನಿಂದ ಬಂದ ತೆಪ್ಪಕ್ಕೆ ಅಂಥದ್ದೇನೂ ಇಲ್ಲ. ಅದು ಬಂದದ್ದೂ ದಾಖಲೆಯಲ್ಲಿಲ್ಲ, ಹೋದದ್ದೂ ಇಲ್ಲ, ಮುಳುಗಿದರೂ ಇಲ್ಲ.

ಮುಳುಗುವ ಮಾತು ಸುಮ್ಮನೆ ಆಡಿದ್ದಲ್ಲ. ಕೊಚ್ಚಿ ಹಿನ್ನೀರು ನಮ್ಮ ಮಡಿವಾಳ ಕೆರೆಯಲ್ಲ. ದಿನಕ್ಕೆ ಎರಡು ಸಲ ಸಮುದ್ರದ ಉಬ್ಬರ ಒಳಗೆ ನುಗ್ಗುತ್ತದೆ, ಎರಡು ಸಲ ಇಳಿತ ಎಲ್ಲವನ್ನೂ ಹೊರಗೆ ಎಳೆಯುತ್ತದೆ. 2011ರ ಫೆಬ್ರವರಿಯಲ್ಲಿ ವಲ್ಲಾರ್‌ಪಾಡಂನಲ್ಲಿ ಕಂಟೈನರ್ ಟರ್ಮಿನಲ್ ಶುರುವಾದ ಮೇಲೆ ಸಾವಿರ ಅಡಿ ಉದ್ದದ ಹಡಗುಗಳು ಬಂದು ಹೋಗುತ್ತವೆ. 2023ರ ಏಪ್ರಿಲ್‌ನಿಂದ ವಾಟರ್ ಮೆಟ್ರೋ ದೋಣಿಗಳೂ ಓಡಾಡುತ್ತಿವೆ. ಅಂಥದೊಂದು ಹಾದುಹೋದಾಗ ಏಳುವ ಅಲೆ ಆರಡಿ ಬುಟ್ಟಿಗೆ ಏನು ಮಾಡಬಹುದು ಎಂಬುದಕ್ಕೆ ಇಂಜಿನಿಯರು ಬೇಕಿಲ್ಲ. ಹೊಗೇನಕಲ್ಲಿನಲ್ಲಿ ಅರ್ಧ ಗಂಟೆ ಮೋಜಿಗೆ ತೆಪ್ಪ ಹತ್ತುವ ಪ್ರವಾಸಿಗೆ ಜಾಕೆಟ್ಟು ತೊಡಿಸುತ್ತಾರೆ. ರಾತ್ರಿಯಿಡೀ ತೆಪ್ಪದಲ್ಲೇ ಇರುವ ಹೆಂಗಸಿಗೆ ಜಾಕೆಟ್ಟು ಎಲ್ಲಿಂದ ಬರಬೇಕು? ದೀಪ ಎಂದರೆ ಒಂದು ಟಾರ್ಚು.

ಊರು ಬಿಟ್ಟಿದ್ದೇಕೆ?

ಕಾವೇರಿ, ಕಬಿನಿ, ಹೇಮಾವತಿ ಹರಿಯುವ ಸೀಮೆ ಬಿಟ್ಟು ಅಷ್ಟು ದೂರ ಹೋಗುವುದೇಕೆ ಎಂದು ಯಾರಾದರೂ ಕೇಳಬಹುದು.

ನೀರಿದ್ದ ಮಾತ್ರಕ್ಕೆ ಬಲೆ ಬಿಡುವ ಹಾಗಿಲ್ಲ ಎಂಬುದು ಅದಕ್ಕೆ ಉತ್ತರ. ನಮ್ಮಲ್ಲಿ ಕೆರೆ ಎಂದರೆ ಟೆಂಡರು, ಹರಾಜು, ಸೊಸೈಟಿ. ಜಲಾಶಯ ಎಂದರೆ ಲೈಸೆನ್ಸು. ದುಡ್ಡಿದ್ದವನು ಕೆರೆ ಹಿಡಿಯುತ್ತಾನೆ, ಕಸುಬಿದ್ದವನು ಅವನ ಕೆಳಗೆ ಕೂಲಿಗೆ ಮೀನು ಹಿಡಿಯುತ್ತಾನೆ. ಮೇಲಾಗಿ ಮಳೆ ಕೈಕೊಟ್ಟರೆ ಅದೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರವೇ ಸಾರಿತು. ಬೆಂಗಳೂರಿನವರಿಗೆ ಆ ಬರ ಮುಂದಿನ ಬೇಸಿಗೆಯಲ್ಲಿ ಟ್ಯಾಂಕರಿನ ರೇಟಿನಲ್ಲಿ ಗೊತ್ತಾಯಿತು. ಮೀನಿನವರಿಗೆ ಕೆರೆ ಅಂಗಳ ಬಿರುಕು ಬಿಟ್ಟಾಗಲೇ ಗೊತ್ತಾಗಿತ್ತು.

ವೇಂಬನಾಡು ಹಾಗಲ್ಲ. ಸುಮಾರು 96 ಕಿಲೋಮೀಟರು ಉದ್ದ, ದೇಶದಲ್ಲೇ ಅತಿ ಉದ್ದದ ಸರೋವರ. ಬತ್ತುವ ಮಾತೇ ಇಲ್ಲ. ಸಿಹಿನೀರು ಉಪ್ಪುನೀರು ಕೂಡುವ ಜಾಗವಾದ್ದರಿಂದ ಮೀನೂ ಬಗೆಬಗೆ. ತೆಪ್ಪಕ್ಕೆ ಡೀಸೆಲ್ ಬೇಡ. ಮೈಯಲ್ಲಿ ಶಕ್ತಿ, ಕೈಯಲ್ಲಿ ಬಲೆ ಇದ್ದರೆ ಅವತ್ತಿನ ಊಟ ಹುಟ್ಟುತ್ತದೆ ಎಂಬ ಧೈರ್ಯದಲ್ಲಿ ಜನ ಹೊರಟರು. ಅಣ್ಣ ಹೋದ, ಅವನ ಹಿಂದೆ ಭಾವಮೈದ ಹೋದ, ಅವನ ಹಿಂದೆ ಊರಿನ ಇನ್ನೊಂದು ಮನೆ. ಹಬ್ಬಕ್ಕೆ, ಮದುವೆಗೆ, ತಿಥಿಗೆ ಊರು. ಉಳಿದ ದಿನ ನೀರು.

ಅಲ್ಲಿಯವರ ತಕರಾರು

ಅಲ್ಲಿಯವರೇನು ಕೈಬೀಸಿ ಕರೆದು ಕೂರಿಸಿಕೊಂಡಿಲ್ಲ. ಅವರ ಮಾತಿನಲ್ಲೂ ನ್ಯಾಯವಿದೆ.

ಹಿನ್ನೀರನ್ನೇ ನಂಬಿದ ಮಲಯಾಳಿ ಬೆಸ್ತರು ಸಾವಿರಾರು ಜನ ಇದ್ದಾರೆ. ಸಣ್ಣ ಕಣ್ಣಿನ ಬಲೆ ಬಿಟ್ಟು ಮರಿಮೀನನ್ನೂ ಬಾಚಿಕೊಂಡು ಹೋದರೆ ನಾಳೆ ನಮಗೇನು ಉಳಿಯುತ್ತದೆ ಎಂಬುದು ಅವರ ಆಕ್ಷೇಪ. 2010ರ ಕೇರಳ ಒಳನಾಡು ಮೀನುಗಾರಿಕೆ ಕಾಯಿದೆ ಪ್ರಕಾರ ಬಲೆಗೂ ಕಟ್ಟಳೆ ಉಂಟು, ಲೈಸೆನ್ಸೂ ಬೇಕು. ನಮ್ಮವರಲ್ಲಿ ಬಹಳ ಜನಕ್ಕೆ ಆ ಲೈಸೆನ್ಸು ಇಲ್ಲ. ಕೆರೆ ಕೆಟ್ಟು ಊರು ಬಿಟ್ಟವರೇ ಇನ್ನೊಬ್ಬರ ಕೆರೆಯ ಮರಿ ಬಾಚಿದರೆ ಅದು ಸರಿಯೇ? ಸರಿಯಲ್ಲ. ಆದರೆ ಲೈಸೆನ್ಸು ಕೇಳಲು ಹೋದವನಿಗೆ ಸ್ಥಳದ ವಿಳಾಸ ಬೇಕು. ವಿಳಾಸ ಎಂದರೆ ಇಂಥ ಸೇತುವೆಯ ಇಷ್ಟನೇ ಕಂಬ ಎಂದು ಬರೆಸುವುದು ಹೇಗೆ?

ಜಗಳ ಏನೇ ಇರಲಿ, ನೀರು ಕೆಟ್ಟಾಗ ಹೊಡೆತ ಇಬ್ಬರಿಗೂ ಒಂದೇ. 2024ರ ಮೇ 20ರ ರಾತ್ರಿ ಪೆರಿಯಾರ್ ನದಿಯಲ್ಲಿ ಏಲೂರು, ಎಡಯಾರು ಕಡೆಯಿಂದ ವರಾಪುಳ, ಕಡಮಕ್ಕುಡಿಯವರೆಗೆ ಮೀನು ರಾಶಿರಾಶಿಯಾಗಿ ಸತ್ತು ತೇಲಿತು. ಪಂಜರದಲ್ಲಿ ಮೀನು ಸಾಕಿದವರು ಕಣ್ಣೀರಿಟ್ಟರು. ಮಾರನೆ ವರ್ಷ, 2025ರ ಮೇ 25ರಂದು ಕೊಚ್ಚಿಯಿಂದಾಚೆ ಸಮುದ್ರದಲ್ಲಿ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು 640 ಕಂಟೈನರುಗಳ ಸಮೇತ ಮುಳುಗಿತು. ವಿಷ ಬೆರೆತಿದೆಯೋ ಏನೋ ಎಂದು ಜನ ಮೀನು ಕೊಳ್ಳಲೇ ಹಿಂಜರಿದರು. ಇಂಥ ಹೊತ್ತಿನಲ್ಲಿ ಲೆಕ್ಕದಲ್ಲಿರುವವನು ಪರಿಹಾರಕ್ಕೆ ಅರ್ಜಿಯಾದರೂ ಹಾಕಬಹುದು. ಲೆಕ್ಕದಲ್ಲೇ ಇಲ್ಲದವನು ತೆಪ್ಪ ಕವುಚಿ ಕೂರಬೇಕು.

ಸೇತುವೆ ಕೆಳಗಿನ ಗುಮಾನಿ

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. 2024ರ ನವೆಂಬರಿನಲ್ಲಿ ಆಲಪ್ಪುಳದ ಕಡೆ ಮನೆಗಳಿಗೆ ಕನ್ನ ಹಾಕುತ್ತಿದ್ದ ತಂಡವೊಂದನ್ನು ಹುಡುಕುತ್ತ ಬಂದ ಪೊಲೀಸರು ಕುಂಡನ್ನೂರು ಸೇತುವೆ ಕೆಳಗಿನ ಗುಡಾರಗಳ ನಡುವೆ ತಮಿಳುನಾಡಿನ ಒಬ್ಬ ಆರೋಪಿಯನ್ನು ಹಿಡಿದರು. ಆತ ಕೈಕೋಳದ ಸಮೇತ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದ. ಟಿ.ವಿ.ಗಳಲ್ಲಿ ಅದೇ ಸುದ್ದಿ.

ಕಳ್ಳ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಅಂಥದೊಂದು ಸುದ್ದಿ ಬಂದ ಮೇಲೆ ಸೇತುವೆ ಕೆಳಗೆ ಟಾರ್ಪಾಲು ಕಟ್ಟಿದವರೆಲ್ಲ ಊರಿನ ಕಣ್ಣಿಗೆ ಒಂದೇ. ಭಾಷೆ ಬೇರೆ, ಬಣ್ಣ ಕರಿ, ರಾತ್ರಿ ಎಚ್ಚರ ಇರುತ್ತಾರೆ, ಹಗಲು ಮಲಗುತ್ತಾರೆ. ಗುಮಾನಿ ಪಡಲು ಇನ್ನೇನು ಬೇಕು? ರಾತ್ರಿ ಎಚ್ಚರವಿರುವುದು ಬಲೆ ಕಾಯಲಿಕ್ಕೆ ಎಂದು ಯಾರಿಗೆ ಬಿಡಿಸಿ ಹೇಳುವುದು? ಜಾಗ ಖಾಲಿ ಮಾಡಿ ಎಂದರೆ ಮಾಡಲೇಬೇಕು. ಬುಟ್ಟಿ ತಲೆಗೇರಿಸಿಕೊಂಡು ಮುಂದಿನ ಸೇತುವೆ.

ಬೆಂಗಳೂರಿನವರಿಗೆ ಇದು ತಿಳಿಯದ ಮಾತಲ್ಲ. ನಮ್ಮ ಫ್ಲೈಓವರುಗಳ ಕೆಳಗೆ ಮಲಗುವ ಕೂಲಿ ಸಂಸಾರಗಳನ್ನು ನಾವು ಹೇಗೆ ನೋಡುತ್ತೇವೆಯೋ ಅಲ್ಲಿ ನಮ್ಮವರನ್ನು ಹಾಗೆ ನೋಡುತ್ತಾರೆ. ಅಷ್ಟೇ.

ಮಕ್ಕಳ ಗತಿ

ದೊಡ್ಡವರ ಪಾಡು ಹೇಗೋ ಕಳೆಯುತ್ತದೆ. ಕೂಸುಗಳ ಕಥೆ?

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ. ಊರಿನ ಸ್ಕೂಲಿನಲ್ಲಿ ಹೆಸರಿದ್ದರೂ ಹಾಜರಿ ಇಲ್ಲ. ಅಜ್ಜಿ ತಾತನ ಹತ್ತಿರ ಬಿಟ್ಟು ಹೋದರೆ ಓದು ಉಂಟು, ಅಪ್ಪ ಅಮ್ಮ ಇಲ್ಲ. ಜೊತೆಗೆ ಕರೆದೊಯ್ದರೆ ಅಪ್ಪ ಅಮ್ಮ ಉಂಟು, ಓದಿಗೆ ಕಲ್ಲು.

ಕಾನೂನೇನೋ ಮಕ್ಕಳ ಕಡೆಗಿದೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಟಿ.ಸಿ. ತಂದಿಲ್ಲ ಎಂದು ಸರ್ಕಾರಿ ಶಾಲೆ ಮಗುವನ್ನು ವಾಪಸು ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಎರ್ನಾಕುಳಂ ಜಿಲ್ಲಾಡಳಿತ 2017ರಲ್ಲಿ ಬಿನಾನಿಪುರಂನ ಸರ್ಕಾರಿ ಹೈಸ್ಕೂಲಿನಿಂದ ಶುರು ಮಾಡಿದ ರೋಶ್ನಿ ಎಂಬ ಯೋಜನೆಯಲ್ಲಿ ಹೊರರಾಜ್ಯದ ಕೂಲಿಗಳ ಮಕ್ಕಳಿಗೆ ಅವರ ಮನೆಮಾತಿನ ಮೂಲಕವೇ ಮಲಯಾಳ ಕಲಿಸುವ ಏರ್ಪಾಡು ಮಾಡಿದರು. ಹಿಂದಿ, ಬಂಗಾಳಿ, ಒಡಿಯಾ ಆಡುವ ಮಕ್ಕಳಿಗೆ ಅದು ಒದಗಿತು. ಕನ್ನಡದ ಕೂಸುಗಳಿಗೂ ಅಂಥ ಕೈ ಬೇಕು.

ಆಗಬೇಕಾದ್ದೇನು?

ಎಲ್ಲವೂ ಇಲ್ಲವೇ ಇಲ್ಲ ಎಂದೇನಲ್ಲ. ಇರುವುದು ತಿಳಿಯಬೇಕು, ತಿಳಿದದ್ದು ಸಿಗಬೇಕು.

ಒಂದು ದೇಶ ಒಂದು ರೇಷನ್ ಕಾರ್ಡು ಎಂಬ ವ್ಯವಸ್ಥೆಗೆ ಕರ್ನಾಟಕ, ಕೇರಳ ಎರಡೂ 2020ರ ಜನವರಿಯಲ್ಲೇ ಸೇರಿವೆ. ಮೈಸೂರಿನ ಕಾರ್ಡಿಗೆ ಕೊಚ್ಚಿಯ ರೇಷನ್ ಅಂಗಡಿಯಲ್ಲಿ ಕೇಂದ್ರದ ಪಾಲಿನ ಅಕ್ಕಿ ಕೊಡಬೇಕು. ಹೆಬ್ಬೆಟ್ಟು ಒತ್ತಿದರೆ ಸಾಕು. ಮತ್ಸ್ಯ ಸಂಪದ ಯೋಜನೆಯಡಿ ಹೆಸರು ನೋಂದಾಯಿಸಿದ ಮೀನುಗಾರ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 5 ಲಕ್ಷ ರೂಪಾಯಿ ವಿಮೆ ಉಂಟು. ಪ್ರೀಮಿಯಂ ಕಟ್ಟುವುದು ಸರ್ಕಾರಗಳೇ. ಆದರೆ ಊರಿನ ಮೀನುಗಾರಿಕೆ ಇಲಾಖೆಯಲ್ಲೋ ಸೊಸೈಟಿಯಲ್ಲೋ ಹೆಸರು ಇರಬೇಕು. ವರ್ಷದ ಬಹುಪಾಲು ಊರಲ್ಲೇ ಇಲ್ಲದವನ ಹೆಸರು ಬರೆಯುವವರು ಯಾರು? ಊರಿನವರು ಕೇರಳದಲ್ಲಿ ಕೇಳು ಎನ್ನುತ್ತಾರೆ, ಕೇರಳದವರು ಊರಲ್ಲಿ ಕೇಳು ಎನ್ನುತ್ತಾರೆ. ತೆಪ್ಪದ ಹಾಗೆಯೇ ಅರ್ಜಿಯೂ ಇದ್ದಲ್ಲೇ ತಿರುಗುತ್ತದೆ.

ಎರಡು ಸರ್ಕಾರದವರು ಒಂದು ದಿನ ಕೂತು ಮಾತಾಡಿದರೆ ಮುಗಿಯುವ ಕೆಲಸ ಇದು. ತೆಪ್ಪಕ್ಕೊಂದು ನಂಬರು, ಅದರಲ್ಲಿರುವವರ ಹೆಸರಿನ ಒಂದು ಪಟ್ಟಿ, ಬಲೆಯ ಕಣ್ಣು ಇಷ್ಟೇ ಇರಬೇಕೆಂಬ ಕಟ್ಟುಪಾಡು, ಮಗುವಿಗೊಂದು ಜಾಕೆಟ್ಟು, ರಾತ್ರಿ ದೂರಕ್ಕೆ ಕಾಣುವ ಒಂದು ದೀಪ. ಬೋಲ್ಗಾಟ್ಟಿಯ ಮರೀನಾಕ್ಕೆ ಆದ ಖರ್ಚಿನ ಪಕ್ಕದಲ್ಲಿ ಇದು ಚಿಲ್ಲರೆ. ಅಲ್ಲಿಯ ಬೆಸ್ತರ ತಕರಾರಿಗೂ ಇದರಲ್ಲೇ ಪರಿಹಾರ ಇದೆ. ಲೆಕ್ಕಕ್ಕೆ ಸಿಕ್ಕವನು ಕಾನೂನಿಗೂ ಸಿಗುತ್ತಾನೆ.

ಕೇರಳದ ಮಂದಿ ಮಡಿವಾಳದಲ್ಲಿ ಬೇಕರಿ ಇಟ್ಟರು, ಹೋಟೆಲು ಇಟ್ಟರು, ಓಣಂ ಬಂದರೆ ಬಿ.ಟಿ.ಎಂ. ತುಂಬ ಹೂವಿನ ರಂಗೋಲಿ ಬಿಡಿಸಿದರು. ಗೊಣಗಿದರೂ ನಾವು ಅವರ ಅಂಗಡಿಯ ಟೀ ಕುಡಿಯುವುದು ಬಿಟ್ಟಿಲ್ಲ. ಅಷ್ಟು ಜಾಗವನ್ನು ಅವರೂ ನಮ್ಮ ಬುಟ್ಟಿಗೆ ಬಿಟ್ಟುಕೊಟ್ಟರೆ ಸಾಲ ತೀರಿತು ಎನ್ನಬಹುದು.

ಈ ಸಲ ಮಾಲೆ ಹಾಕಿ ಹೊರಡುವ ಸ್ವಾಮಿಗಳು ಎರ್ನಾಕುಳಂ ಸೇತುವೆಗಳ ಹತ್ತಿರ ಟೆಂಪೋ ನಿಲ್ಲಿಸಿದರೆ ಒಂದು ಕೆಲಸ ಮಾಡಬಹುದು. ರೇಷನ್ ಕಾರ್ಡಿನ ವಿಚಾರ, ಟಿ.ಸಿ. ಇಲ್ಲದೆಯೂ ಮಗುವನ್ನು ಶಾಲೆಗೆ ಸೇರಿಸಬಹುದು ಎಂಬ ವಿಚಾರ, ಈ ಎರಡನ್ನು ಅವರಿಗೆ ಕನ್ನಡದಲ್ಲಿ ಹೇಳಿ ಬನ್ನಿ. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ಮಾತ್ರ ಹೋಗಬೇಡಿ. ರಾತ್ರಿಯೆಲ್ಲ ನೀರ ಮೇಲಿದ್ದವರು, ಆಗಷ್ಟೇ ಕಣ್ಣು ಮುಚ್ಚಿರುತ್ತಾರೆ.